ಹಗ್ಗಕ್ಕ ಗಂಟು ಹಾಕೋದು ಶಿಲ್ಪ ಹೆಂಗ ಆಗ್ತೈತ್ರಿ? ಬ್ಯಾಡಗಿ ಕಡೆ ಅಕ್ಕಾರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮಸ್ಕಾರ್ರೀ ಸರ. ನಾವು ಬ್ಯಾಡಗಿ ಹತ್ರದ ಹಳ್ಳಿಯವ್ರು. ಮಗಳು ಧಾರವಾಡದಾಗ ಬಿವಿಎ, ಅಂದ್ರ ಕಲೆಯ ಡಿಗ್ರಿ, ಓದಾಕತ್ತಾಳ, ಶಿಲ್ಪಕಲೆ ತಗೊಂಡಾಳ. ಕಲ್ಲು ಕೆತ್ತತಾಳ, ಮೂರ್ತಿ ಮಾಡತಾಳ ಅಂತ ನಾವು ತಿಳ್ಕೊಂಡಿದ್ವಿ. ಈ ರಜಾಕ್ಕ ಬಂದಾಕಿ ಹುಬ್ಬಳ್ಳಿಯಿಂದ ಹದಿನೈದು ಕೆಜಿ ಹಗ್ಗ ತಂದು ಪಡಸಾಲಿ ತೊಲಿಗೆ ಕಟ್ಟಿ ಮುಂಜಾನಿಂದ ಸಂಜಿತನಾ ಗಂಟು ಹಾಕ್ಕೋತ ಕುಂದರತಾಳ. ಏನವಾ ಇದು ಅಂದ್ರ ಅಬ್‌ಸ್ಟ್ರಾಕ್ಟ್ ಅಂತಾಳ, ಮೃಣಾಲಿನಿ ಮುಖರ್ಜಿ ಅಂತ ಒಬ್ರು ಹಿಂಗ ಮಾಡಿ ಜಗತ್ತಿನಾಗ ಹೆಸರು ಮಾಡ್ಯಾರ ಅಂತಾಳ. ಯಾರ್ರೀ ಇವ್ರು? ಹಗ್ಗಕ್ಕ ಗಂಟು ಹಾಕೋದು ಶಿಲ್ಪ ಹೆಂಗ ಆಗ್ತೈತಿ? ಇದರಿಂದ ಹೊಟ್ಟಿ ತುಂಬತೈತೇನ್ರಿ? ನಮ್ಮನಿಯವ್ರಂತೂ ಸಿಟ್ಟಿಗೆದ್ದು ಮಾತ ಬಿಟ್ಟಾರ.

ಉತ್ತರ: ಅಕ್ಕಾರ, ನಿಮ್ಮ ಪತ್ರ ಓದಿ ಮೊದಲ ನಗು ಬಂತು, ಆಮ್ಯಾಲ ಸ್ವಲ್ಪ ನಾಚಿಕಿ ಆತು, ನಾಚಿಕಿ ಯಾಕ ಅನ್ನೋದನ್ನ ಮುಂದ ಹೇಳತೀನಿ. ಹೊಟ್ಟಿ ತುಂಬೋ ಪ್ರಶ್ನೆಗೆ ಉತ್ತರ ಸಣ್ಣದೈತಿ, ಅದನ್ನ ಕಡೀಕೆ ಇಟ್ಕೊಳ್ಳೋಣು. ಮೊದಲ ಹಗ್ಗದ ಮಾತು.

ಪಡಸಾಲ್ಯಾಗ ಹಗ್ಗ ಜೋತಾಡೋದು ನಮ್ಮ ಕಡೆ ಏನ ಹೊಸಾದಲ್ರಿ. ನಿಮ್ಮ ಅತ್ತಿಯವ್ರ ಕಾಲದಾಗ ಅಡಗಿ ಮನ್ಯಾಗ ನೆಲುವು ಇರತಿದ್ದಿಲ್ಲೇನು? ಬೆಕ್ಕಿಗೆ ಸಿಗಬಾರದಂತ ಬೆಣ್ಣಿ ಗಡಿಗಿ, ಮೊಸರಿನ ಗಡಿಗಿ ಅದರಾಗಿಟ್ಟು ತೂಗ ಹಾಕತಿದ್ರು. ಅದೂ ಬರೇ ಗಂಟಿನ ಕೆಲಸನ. ಹೊರಸು ಹೆಣೀತಿದ್ರು, ಎತ್ತಿಗೆ ಮೂಗುದಾಣ, ಕಣ್ಣಿ, ಕಾರಹುಣ್ಣಿವಿಗೆ ಮತಾಟಿ, ಗೊಂಡೆ, ಇವೆಲ್ಲಾ ಕೈಲೆನ ಆಗತಿದ್ವು. ನಮ್ಮಪ್ಪ ಹೊಲದ ಬದುವಿನ ಮ್ಯಾಲೆ ಪುಂಡಿ ಹಾಕತಿದ್ದ, ಎಲಿ ಪಲ್ಯಾಕ್ಕ, ದಂಟು ಹಗ್ಗಕ್ಕ. ದಂಟು ಕೊಯ್ದು ಹೊರಿ ಕಟ್ಟಿ ಹಳ್ಳದ ನೀರಾಗ ಮ್ಯಾಲೆ ಕಲ್ಲು ಹೇರಿ ಮುಳುಗಿಸಿ ಇಡೋದು, ಸಿಪ್ಪಿ ಕೊಳತು ಬಿಡೂತನಾ ಇಡೋದು, ಆ ವಾಸನಿ ಏನ ಕೇಳತೀರಿ, ಊಟ ಸೇರಂಗಿಲ್ಲ. ಆಮ್ಯಾಲ ನಾರು ಸುಲಿದು ಒಗದು ಒಣಗಿಸಿ ಹೊಸಿಯೋದು. ಹೊಸಿಯೋದ್ರಾಗ ಒಂದ ಮಾತೈತಿ, ಒಂದೊಂದ ಎಳಿಗೆ ಬಲಕ್ಕ ಹುರಿ ಹಾಕಿದ್ರ ಆ ಎಳಿಗಳನ್ನ ಕೂಡಿಸಿ ಎಡಕ್ಕ ಹೊಸೀಬೇಕು, ಅಂದ್ರ ಎಳಿ ಬಿಚ್ಚಾಕ ನೋಡತೈತಿ, ಹಗ್ಗ ಬಿಗಿಯಾಕ ನೋಡತೈತಿ, ಒಂದನ್ನೊಂದು ಹಿಡಕೊಂಡು ನಿಂತ ಬಿಡತಾವ. ಎರಡೂ ಒಂದ ಕಡೆ ತಿರುವಿದ್ರ ಕೈ ಬಿಟ್ಟ ಕೂಡ್ಲೆ ಬಿಚ್ಚಿ ಹೋಗತೈತಿ. ಇದನ್ನ ಯಾವ ಕಾಲೇಜಿನಾಗೂ ಕಲಿಸಂಗಿಲ್ಲ, ಆದ್ರ ನಿಮ್ಮ ಮಗಳಿಗೆ ಇದು ಗೊತ್ತಿರಬೇಕು, ಇಲ್ಲಂದ್ರ ನಿಮ್ಮನಿಯವ್ರು ಮಾತ ಶುರು ಮಾಡಿ ಹೇಳಿಕೊಡ್ಲಿ, ಅವ್ರಿಗೆ ಗೊತ್ತಿರತೈತಿ.

ಈಗ ಮೃಣಾಲಿನಿ ಮುಖರ್ಜಿ. ಹುಟ್ಟಿದ್ದು 1949ರಾಗ ಮುಂಬೈದಾಗ. ಅಪ್ಪ ಬಿನೋದ್ ಬಿಹಾರಿ ಮುಖರ್ಜಿ, ಶಾಂತಿನಿಕೇತನದ ದೊಡ್ಡ ಚಿತ್ರಕಾರರು, ಅಲ್ಲಿ ಹಿಂದಿ ಭವನದ ಗೋಡಿ ಮ್ಯಾಲೆ ನಮ್ಮ ದೇಶದ ಮಧ್ಯಕಾಲದ ಸಂತರ ಚಿತ್ರ ಬರದವ್ರು. ಹುಟ್ಟಿನಿಂದನ ಕಣ್ಣು ಮಂದ ಇದ್ವು, 1950ರ ದಶಕದಾಗ ಒಂದು ಆಪರೇಷನ್ ಆದ ಮ್ಯಾಲೆ ಪೂರಾ ಹೋದ್ವು. ಆದ್ರೂ ಮನಿಷಾ ಕೆಲಸ ನಿಲ್ಲಿಸಲಿಲ್ಲ ನೋಡ್ರಿ, ಕೈಯಾಡಿಸಿ ಕೈಯಾಡಿಸಿ ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡಿದ್ರು, ಕಣ್ಣು ಹೋದ ಮ್ಯಾಲೆ ಶಾಂತಿನಿಕೇತನದ ಗೋಡಿಗೆ ಟೈಲ್ಸಿನ ಮ್ಯೂರಲ್, ಅಂದ್ರ ಗೋಡಿಚಿತ್ರನೂ ಮಾಡಿದ್ರು. ಅವ್ವ ಲೀಲಾ ಮುಖರ್ಜಿ, ಅವ್ರೂ ಶಿಲ್ಪಿ, ನೇಪಾಳದ ಕುಶಲಕರ್ಮಿ ಹತ್ರ ಮರ ಕೆತ್ತೋದು ಕಲ್ತವ್ರು. ಇವರಿಗೆ ಒಬ್ಬಾಕಿನ ಮಗಳು. ಬೆಳದದ್ದು ಡೆಹ್ರಾಡೂನಿನ ಗುಡ್ಡದ ಸೆರಗಿನಾಗ, ರಜಾಕ್ಕ ಶಾಂತಿನಿಕೇತನ. ಅಪ್ಪ ಕಣ್ಣಿಲ್ಲದ ಬೆರಳಿನಿಂದ ನೋಡತಿದ್ದ, ಅವ್ವ ಮರದಾಗ ಉಳಿ ಆಡಸತಿದ್ಲು, ಇಂಥಾ ಮನ್ಯಾಗ ಬೆಳದ ಹುಡುಗಿ ಮುಂದ ಬೆರಳಿನಿಂದನ ಹೆಣಿಯೋ ಕೆಲಸ ಹಿಡದದ್ದು ನನಗ ಆಶ್ಚರ್ಯ ಅನಸಂಗಿಲ್ಲ. ಇದು ನನ್ನ ಊಹೆ ಮತ್ತ, ಅವ್ರು ಹಂಗ ಹೇಳ್ಯಾರ ಅಂತ ತಿಳೀಬ್ಯಾಡ್ರಿ.

1965ಕ್ಕ ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯಕ್ಕ ಹೋದ್ರು, ಅಲ್ಲಿ ಕಲ್ತದ್ದು ಪೇಂಟಿಂಗ್. ಶಿಲ್ಪದ ಡಿಗ್ರಿ ಅಲ್ಲ, ಇದನ್ನ ನಿಮ್ಮ ಮಗಳಿಗೆ ಹೇಳ್ರಿ. ಆಮ್ಯಾಲ ಅಲ್ಲೇ ಮ್ಯೂರಲ್ ಡಿಸೈನ್ ಕಲೀಲಿಕ್ಕೆ ನಿಂತ್ರು, ಗುರುಗಳು ಕೆ.ಜಿ. ಸುಬ್ರಮಣ್ಯನ್, ಅವ್ರನ್ನ ಮಂದಿ ಮಣಿದಾ ಅಂತಿದ್ರು. ಮಣಿದಾ ಸ್ವತಃ ಶಾಂತಿನಿಕೇತನದಾಗ ಬಿನೋದ್ ಬಿಹಾರಿ ಶಿಷ್ಯರು, ಅಪ್ಪನ ಶಿಷ್ಯ ಮಗಳಿಗೆ ಗುರು ಆದಂಗಾತು. ಅವ್ರು ಮೊದಲು ಕೈಮಗ್ಗ ಮಂಡಳಿಯಾಗ ಕೆಲಸ ಮಾಡಿದವ್ರು, ನೇಕಾರರು, ಕುಂಬಾರರು, ಗೊಂಬಿ ಮಾಡೋರು ಇವರ ಕೈಯಾಗಿನ ಬುದ್ಧಿ ಕಾಲೇಜಿನ ಬುದ್ಧಿಗಿಂತ ಕಡಿಮಿ ಅಲ್ಲ ಅಂತ ನಂಬಿದವ್ರು. ಬರೋಡಾದಾಗ ಹುಡುಗ್ರು ಮಾಸ್ತರು ಕೂಡಿ ಗೊಂಬಿ ಆಟಿಗಿ ಮಾಡಿ ಮಾರೋ ಜಾತ್ರಿನೂ ನಡಸತಿದ್ರು. ಅಲ್ಲಿ ಮೃಣಾಲಿನಿ ಕೈಗೆ ಸೆಣಬಿನ ನಾರು ಸಿಕ್ಕಿತು. ಮಗ್ಗ ಇಲ್ಲ, ಸೂಜಿ ಇಲ್ಲ. ಬರೇ ಗಂಟು. ಮುಂದ ದೆಹಲಿಗೆ ಬಂದು ನೆಲಸಿದ್ರು, ಆ ನಾರಿನ ಕೆಲಸ 1970ರ ದಶಕದ ಶುರುವಿನಿಂದ ಹೆಚ್ಚು ಕಡಿಮಿ ಮೂವತ್ತು ವರ್ಷ ಬಿಡಲಿಲ್ಲ.

ಆ ಗಂಟು ಹೆಂಗ ಅಂತ ನೀವ ಮಾಡಿ ನೋಡ್ರಿ, ಓದಿದ್ರ ತಿಳಿಯಂಗಿಲ್ಲ. ಮಗಳ ಹಗ್ಗದಾಗ ನಾಕು ತುಂಡು ಇಸ್ಕೊಳ್ರಿ, ಮ್ಯಾಲೆ ಒಂದ ಮೊಳಿಗೆ ಕಟ್ಟಿ ಇಳಿ ಬಿಡ್ರಿ. ನಡುವಿನ ಎರಡು ಎಳಿ ಸುಮ್ನ ಇರ್ತಾವ, ಕೆಲಸ ಅಂಚಿನ ಎರಡರದ್ದು. ಎಡಗಡಿ ಎಳಿ ನಡುವಿನವುಗಳ ಮ್ಯಾಲೆ ದಾಟಿಸ್ರಿ, ಬಲಗಡಿ ಎಳಿ ಅದರ ಬಾಲದ ಮ್ಯಾಲೆ ತಂದು, ನಡುವಿನವುಗಳ ಹಿಂದ ಹಾಯಿಸಿ, ಎಡಗಡಿ ಆದ ಕುಣಿಕ್ಯಾಗಿಂದ ಹೊರಗ ತಗೀರಿ, ಜಗ್ಗ್ರಿ. ಅರ್ಧ ಗಂಟಾತು. ಈಗ ಅದನ್ನ ಬಲಗಡಿಯಿಂದ ಶುರು ಮಾಡ್ರಿ, ಪೂರಾ ಗಂಟಾತು, ಹಿಂಗ ಒಮ್ಮೆ ಎಡ ಒಮ್ಮೆ ಬಲ ಮಾಡ್ಕೋತ ಹೋದ್ರ ಚಪ್ಪಟಿ ಪಟ್ಟಿ ಇಳೀತೈತಿ. ಆದ್ರ ಬಲಕ್ಕ ಬದಲಸದ ಬರೇ ಎಡದಿಂದನ ಹಾಕ್ಕೋತ ಹೋಗ್ರಿ, ಹತ್ತು ಹನ್ನೆರಡು ಗಂಟು ಆಗೂದ್ರಾಗ ಪಟ್ಟಿ ತಾನ ತಿರುಗಾಕ ಶುರು ಮಾಡತೈತಿ, ಬಳ್ಳಿ ಸುತ್ತಿದಂಗ. ನೀವು ಸುತ್ತಿಸಿಲ್ಲ, ಗಂಟು ಸುತ್ತಿಸೈತಿ. ಅಂಗಡ್ಯಾಗ ಹೂವಿನ ಕುಂಡ ತೂಗ ಹಾಕೋ ಹೆಣಕಿ ಮಾರತಾರಲ್ಲ, ಮ್ಯಾಕ್ರಮೆ ಅಂತಾರ, ಅದರದ್ದೂ ಇದ ಗಂಟು.

ಎಳಿ ಕೂಡಿಸಿಕೋತ ಹೋದ್ರ ಅಗಲ ಆಗಿ ಹೊಟ್ಟಿ ಉಬ್ಬತೈತಿ, ಬಿಟ್ಟುಕೋತ ಹೋದ್ರ ನಡು ಸಣ್ಣಾಗತೈತಿ. ಒಂದ ಸಾಲು ಬಿಗಿ ಜಗ್ಗಿ ಮುಂದಿನ ಸಾಲು ಸಡಿಲ ಬಿಟ್ರ ಅಂಚು ನಿರಿಗಿ ಆಗತೈತಿ, ಎಲಿಕೋಸಿನ ಎಲಿ ಅಂಚಿನಂಗ. ಇಷ್ಟ. ಇದನ್ನ ಸಾವಿರ ಸಾವಿರ ಸಲ ಮಾಡಿ ಅವ್ರು ಆಳೆತ್ತರಕ್ಕಿಂತ ದೊಡ್ಡ ಆಕಾರ ಎಬ್ಬಿಸಿದ್ರು. ಒಳಗ ಕಬ್ಬಿಣದ ಚೌಕಟ್ಟು ಇರತಿತ್ತು, ಅದರಿಂದ ಹಗ್ಗ ಇಳಿ ಬಿಟ್ಟು ಗಂಟು ಹಾಕ್ಕೋತ ಬರೋದು, ಮೊದಲ ಸ್ಕೆಚ್ ಇಲ್ಲ ಮಾಡೆಲ್ ಇಲ್ಲ, ಕೆಲಸ ಎತ್ತ ಕರೀತೈತಿ ಅತ್ತ ಹೋಗೋದು. ಒಂದೊಂದಕ್ಕ ತಿಂಗಳುಗಟ್ಟಲೆ. ಹಗ್ಗಕ್ಕ ಬಣ್ಣ, ಕಡು ನೇರಳೆ, ರಕ್ತಗೆಂಪು, ಪಾಚಿ ಹಸಿರು, ಅರಿಷಿಣ. ಹೆಸರು ನಮ್ಮ ಹೆಸರನ, 1982ರ ದೇವಿ, 1984ರ ಯಕ್ಷಿ, 1985ರ ಪಕ್ಷಿ, 1994ರ ವನಶ್ರೀ. 2000ರಾಗ ಮಾಡಿದ ಒಂದಕ್ಕ ಜೌಬಾ ಅಂತ ಹೆಸರು, ಬಂಗಾಲಿಯಾಗ ದಾಸವಾಳ, ಅದು ಈಗ ಲಂಡನ್ನಿನ ಟೇಟ್ ಮ್ಯೂಸಿಯಂದಾಗ ಐತಿ. ಒಂದ ಮಜಾ ಹೇಳ್ಲಾ, ನಮ್ಮ ಪುಂಡಿನೂ ದಾಸವಾಳದ ಕುಲದ್ದನ, ಹೂವು ನೋಡಿದ್ರ ಗೊತ್ತಾಗತೈತಿ. ಅವ್ರು ಬಳಸಿದ್ದು ಪುಂಡಿ ಅಲ್ಲ ಖರೇ, ಆದ್ರೂ ಆ ಸುದ್ದಿ ಓದಿದಾಗ ನಮ್ಮಪ್ಪನ ಹೊಲದ ಬದುವು ನೆನಪಾತು.

ದೇವಿ ಅಂತ ಹೆಸರಿಟ್ಟಾರಂದ್ರ ಅದಕ್ಕ ಮುಖ ಐತಿ, ಕೈ ಐತಿ, ಆಯುಧ ಐತಿ ಅಂತ ತಿಳೀಬ್ಯಾಡ್ರಿ. ಏನೂ ಇಲ್ಲ. ಆದ್ರೂ ಎದುರಿಗೆ ನಿಂತ್ರ ಯಾರೋ ಕುಂತಾರ ಅನಸತೈತಿ. ಅವ್ರಿಗೆ ಬೇಕಾದದ್ದೂ ಅದನ, ಸಣ್ಣ ಗರ್ಭಗುಡಿಯೊಳಗ ಕಾಲಿಟ್ಟು ತಲಿ ಎತ್ತಿದಾಗ ಎದ್ಯಾಗ ಝಲ್ ಅಂತೈತಲ್ಲ ಆ ಅನುಭವ, ಹಂಗಂತ ತಾವು ಯಾವ ಗೊತ್ತಿರೋ ದೇವರನ್ನೂ ಮಾಡಾಕತ್ತಿಲ್ಲ ಅಂತಿದ್ರು.

ಇಲ್ಲಿ ನಿಮ್ಮ ಎರಡನೇ ಪ್ರಶ್ನೆ ಬಂತು, ಇದರ ಅರ್ಥ ಏನು, ಇದು ಶಿಲ್ಪ ಹೆಂಗ. ಅಕ್ಕಾರ, ನೀವು ಡಂಬಳಕ್ಕ ಹೋಗೀರೇನು, ಗದಗಿನಿಂದ ಭಾಳ ದೂರ ಇಲ್ಲ, ಅಲ್ಲಿ ದೊಡ್ಡಬಸಪ್ಪನ ಗುಡಿ. ಗುಡಿ ತಳಪಾಯ ಇಪ್ಪತ್ನಾಕು ಮೂಲಿಯ ನಕ್ಷತ್ರದಂಗ, ಹೊರಗಿನ ಗೋಡಿ ನೋಡಿದ್ರ ಮಡಚಿ ಮಡಚಿ ಬಿಟ್ಟ ಸೀರಿ ನಿರಿಗಿ ಆಗೈತಿ, ಬಿಸಲು ಬಿದ್ದಾಗ ಒಂದ ಮಡಿಕಿ ಬೆಳಕು ಒಂದ ಮಡಿಕಿ ನೆರಳು. ಅಲ್ಲಿ ಮೂರ್ತಿ ಇಲ್ಲ ಅಂತಲ್ಲ, ಆದ್ರ ಆ ಮಡಿಕಿಗೆ ಏನು ಅರ್ಥ ಅಂತ ಯಾರರೆ ಕೇಳ್ಯಾರೇನು? ಲಕ್ಕುಂಡಿ ಕಂಬ ನೋಡ್ರಿ, ಬಳಪದ ಕಲ್ಲು ಮೆತ್ತಗಿರತೈತಿ ಅಂತ ಅದನ್ನ ಚರಕಿ ಮ್ಯಾಲೆ ತಿರುವಿ ಕಡದಾರ, ಗಂಟಿಯಂಗ ಒಂದ ಉಬ್ಬು, ಬಳಿಯಂಗ ಒಂದ ಏಣು, ಮತ್ತೊಂದ ತಗ್ಗು. ಸಾವಿರ ವರ್ಷದ ಹತ್ರ ಆತು, ಈಗಲೂ ಹೋದವ್ರೆಲ್ಲಾ ಕೈ ಆಡಿಸಿ ಬರ್ತಾರ, ಕೈ ಬಿದ್ದು ಬಿದ್ದು ಅಲ್ಲಲ್ಲಿ ಕನ್ನಡಿ ಆಗೈತಿ. ಅದು ಹೂವಲ್ಲ, ಹಣ್ಣಲ್ಲ, ದೇವರಲ್ಲ. ಬರೇ ಆಕಾರ. ಅಬ್‌ಸ್ಟ್ರಾಕ್ಟ್ ಅಂದ್ರ ಇಷ್ಟನ್ರಿ, ಫಾರಿನ್ ಮಾಲು ಅಂತ ಹೆದರಬ್ಯಾಡ್ರಿ. ಊರ ಹೊರಗ ಬನ್ನಿಗಿಡದ ಬುಡಕ್ಕ ಕೆತ್ತದ ಕಲ್ಲಿಗೆ ಕುಂಕುಮ ಹಚ್ಚಿ ಕೈ ಮುಗೀತೀವಲ್ಲ, ಅಲ್ಲಿ ಮೂಗು ಕಣ್ಣು ಎಲ್ಲಿ ಅಂತ ಹುಡುಕತೀವೇನು.

ಹಂಗಾಗಿ ಮಗಳ ಕೆಲಸದ ಮುಂದ ನಿಂತಾಗ ಇದೇನು ಅಂತ ಕೇಳಬ್ಯಾಡ್ರಿ, ಅದು ಆಕಿಗೂ ಗೊತ್ತಿರಲಿಕ್ಕಿಲ್ಲ, ಸುಮ್ನ ಸಿಟ್ಟಿಗೇಳತಾಳ. ಇದು ಹೆಂಗ ನಿಂತೈತಿ ಅಂತ ಕೇಳ್ರಿ. ಭಾರ ಎಲ್ಲಿ ಬಿದ್ದೈತಿ, ಇಲ್ಲಿ ಯಾಕ ಬಿಗಿ ಅಲ್ಲಿ ಯಾಕ ಸಡಿಲ, ಬೆನ್ನ ಹಿಂದ ಹೋಗಿ ನೋಡಿದ್ರ ಬ್ಯಾರೆ ಕಾಣತೈತೇನು. ಇದಕ್ಕ ಉತ್ತರ ಕೊಟ್ಲಂದ್ರ ಹುಡುಗಿ ಶಿಲ್ಪ ಮಾಡಾಕತ್ತಾಳ. ಕೊಡಲಿಲ್ಲಂದ್ರ ಬರೇ ಫೋಟೋ ನೋಡಿ ಕಾಪಿ ಹೊಡ್ಯಾಕತ್ತಾಳ, ಆವಾಗ ನೀವು ಬೈದ್ರೂ ತಪ್ಪಿಲ್ಲ.

ನಾಚಿಕಿ ಮಾತು ಹೇಳತೀನಂದಿದ್ನಲ್ಲ. ನಾನು ಪಾಠ ಹೇಳತಿದ್ದ ಒಂದು ಕಾಲೇಜಿನಾಗ, ಇಪ್ಪತ್ತು ವರ್ಷದ ಮ್ಯಾಲಾತು, ರೋಣದ ಕಡೆ ಹುಡುಗ ಒಬ್ಬ ಫೈನಲ್ ಇಯರ್ ಪರೀಕ್ಷಾಕ್ಕ ಎತ್ತಿನ ಹಳೇ ಕಣ್ಣಿ, ಮಗಡಾ, ಹರದ ಮತಾಟಿ ಎಲ್ಲಾ ಕೂಡಿಸಿ ಹೆಣದು ಒಂದು ದೊಡ್ಡ ಆಕಾರ ಮಾಡಿ ತಂದ. ಅವರಪ್ಪ ಆ ವರ್ಷ ಎತ್ತು ಮಾರಿದ್ರಂತ. ನೆಲದ ಮ್ಯಾಲೆ ಕುಂತ ಎತ್ತಿನ ಬೆನ್ನೂ ಅನ್ನಬಹುದಿತ್ತು, ಸುಗ್ಗಿ ರಾಶಿನೂ ಅನ್ನಬಹುದಿತ್ತು, ಎರಡೂ ಅಲ್ಲ ಅಂತನೂ ಅನ್ನಬಹುದಿತ್ತು. ಬೆವರು, ಸೆಗಣಿ ವಾಸನಿ ಇನ್ನೂ ಬರತಿತ್ತು. ನಾನು ಏನ ಮಾಡಿದೆ, ಮಾರ್ಕ್ಸ್ ಶೀಟಿನಾಗ ಪಾಸಾಗೋವಷ್ಟು ಹಾಕಿ, ಮಗ್ಗಲಿಗೆ ಕರಕುಶಲ ಅಂತ ಬರದೆ. ಅಂದ್ರ ಇದು ಕಲೆ ಅಲ್ಲ ಅಂತ. ಆ ಹುಡುಗ ಏನೂ ಅನಲಿಲ್ಲ, ಹಗ್ಗ ಎಲ್ಲಾ ಬಿಚ್ಚಿ ಚೀಲಕ್ಕ ತುಂಬಿಕೊಂಡು ಹೋದ. ಈಗ ಗದಗಿನಾಗ ಫ್ಲೆಕ್ಸ್ ಬ್ಯಾನರ್ ಅಂಗಡಿ ಇಟ್ಟಾನ, ಚಲೋ ನಡಸತಾನ, ಸಿಕ್ಕಾಗ ಚಾ ಕುಡಸತಾನ. ಆ ಮಾತು ಅವನೂ ತಗಿಯಂಗಿಲ್ಲ, ನಾನೂ ತಗಿಯಂಗಿಲ್ಲ.

2015ರಾಗ ಬ್ಯಾರೆ ಏನೋ ಕೆಲಸಕ್ಕ ದೆಹಲಿಗೆ ಹೋಗಿದ್ದೆ. ಅಲ್ಲಿ ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟ್‌ದಾಗ ಮೃಣಾಲಿನಿ ಅವರ ಇಡೀ ಜೀವನದ ಕೆಲಸದ ಪ್ರದರ್ಶನ ನಡದಿತ್ತು. ಅದು ಜನವರಿ ಕಡೀಕೆ ಶುರು ಆಗಿತ್ತು, ಶುರು ಆಗಿ ಒಂದ ವಾರದೊಳಗ, ಫೆಬ್ರವರಿ 2ಕ್ಕ, ಅವ್ರು ತೀರಿಕೊಂಡಿದ್ರು. ಅರವತ್ತೈದು ವಯಸ್ಸು. ನಾ ಹೋಗೂದ್ರಾಗ ಎಲ್ಲಾ ಮುಗದಿತ್ತು. ಒಳಗ ಹೋಗಿ ಮೊದಲನೇ ಹಗ್ಗದ ಆಕಾರದ ಮುಂದ ನಿಂತೆ ನೋಡ್ರಿ, ಫೋಟೋದಾಗ ಮೆತ್ತಗ ಕಂಬಳಿಯಂಗ ಕಾಣತಿತ್ತು, ಎದುರಿಗೆ ಹಂಗಿಲ್ಲ, ಮೈಯೆಲ್ಲಾ ಗಂಟು ಒತ್ತಾಗಿ ಕುಂತು ತೊಗಲಿನಂಗ ಆಗೈತಿ, ಮಡಿಕಿ ಒಳಗ ಕತ್ತಲಿ, ಆ ಕತ್ತಲ್ಯಾಗ ಇನ್ನೊಂದ ಮಡಿಕಿ. ಗಾರ್ಡ್ ನೋಡಲಾರದಾಗ ಮುಟ್ಟಬೇಕು ಅನಿಸ್ತು, ಮುಟ್ಟಲಿಲ್ಲ, ಬಗ್ಗಿ ಬುಡಕ್ಕ ನೋಡಿದೆ, ಅಂಚಿನಾಗ ಎಳಿ ತುದಿ ಎಲ್ಲಿ ಮುಚ್ಚ್ಯಾರ ಅಂತ ಹುಡುಕಿದೆ, ಸಿಗಲಿಲ್ಲ. ಆವಾಗ ರೋಣದ ಹುಡುಗ ನೆನಪಾದ. ಹೊರಗ ಬಂದು ಭಾಳೊತ್ತು ಕುಂತಿದ್ದೆ.

ಅವರಿಗೂ ಜನ ಅದನ್ನ ಅಂದಿದ್ರು ಮತ್ತ. ಇದು ಕ್ರಾಫ್ಟ್, ಹೆಂಗಸರ ಹೆಣಕಿ ಕೆಲಸ, ಶಿಲ್ಪ ಅಂದ್ರ ಕಲ್ಲು, ಕಂಚು, ಮರ ಅಂತ. ಭಾಳ ವರ್ಷ ಅವ್ರನ್ನ ಎಲ್ಲಿ ಕುಂದರಸಬೇಕು ಅನ್ನೋದ ನಮ್ಮ ದೇಶದ ವಿಮರ್ಶಕರಿಗೆ ತಿಳೀಲಿಲ್ಲ. ಪೋಲೆಂಡಿನಾಗ ಮಗ್ದಲೇನಾ ಅಬಕನೋವಿಚ್ ಅನ್ನೋ ಹೆಣ್ಮಗಳು 1960ರ ದಶಕದಾಗನ ನಾರಿನಿಂದ ಕೋಣಿ ತುಂಬೋವಂಥಾ ಆಕಾರ ತೂಗ ಹಾಕಿ ಹೆಸರು ಮಾಡಿದ್ಲು, ಹಂಗ ನೋಡಿದ್ರ ನಾರು ಜಗತ್ತಿಗೆ ಹೊಸಾದೇನಲ್ಲ. ಆದ್ರ ಮೃಣಾಲಿನಿ ಅವ್ರದ್ದು ಬ್ಯಾರೆ ರುಚಿ, ಇದ್ರಾಗ ಗಿಡ ಐತಿ, ಗುಡಿ ಐತಿ, ಹೆಣ್ಣಿನ ಮೈ ಐತಿ, ಮೂರನ್ನೂ ಬಿಡಿಸಿ ಬ್ಯಾರೆ ಮಾಡಾಕ ಬರಂಗಿಲ್ಲ. 1994ರಾಗ ಇಂಗ್ಲೆಂಡಿನ ಆಕ್ಸ್‌ಫರ್ಡಿನಾಗ ಅವರ ಪ್ರದರ್ಶನ ಆತು. ಆದ್ರ ದೊಡ್ಡ ಹೆಸರು ಬಂದದ್ದು ಸತ್ತ ಮ್ಯಾಲೆನ, 2019ರಾಗ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನವ್ರು ದೊಡ್ಡ ಪ್ರದರ್ಶನ ಇಟ್ರು, 2022ರಾಗ ವೆನಿಸ್ ಬಿನಾಲೆ ಅನ್ನೋ ದೊಡ್ಡ ಕಲಾ ಪ್ರದರ್ಶನದಾಗ ಇವರ ಹಗ್ಗದ ದೇವರುಗಳು ನಿಂತ್ವು. ನಮ್ಮವ್ರು ಈಗ ನಮ್ಮಾಕಿ ನಮ್ಮಾಕಿ ಅಂತಾರ.

ಧಾರವಾಡದ ಕಸೂತಿ ವಿಷಯ ಇಲ್ಲಿ ತಗೀದ ಇರಾಕ ಆಗಂಗಿಲ್ಲ. ಗವಂತಿ, ಮುರಗಿ, ನೇಗಿ, ಮೆಂತಿ ಅಂತ ನಾಕು ಹೊಲಿಗಿ, ಎಳಿ ಎಣಿಸಿ ಎಣಿಸಿ ಹಾಕೋದು, ಅದರಾಗ ಗಂಟನ್ನ ಹಾಕಬಾರದು, ಗವಂತಿ, ಮುರಗಿ ಹೊಲಿಗಿ ಹಿಂದ ಮುಂದ ಎರಡೂ ಕಡೆ ಒಂದ ನಮೂನಿ ಕಾಣಬೇಕು. ಗೋಪುರ, ತೇರು, ತುಳಸಿಕಟ್ಟಿ ಎಲ್ಲಾ ಬರೇ ಅಡ್ಡ, ಉದ್ದ, ಓರೆ ಗೀರಿನಾಗ ಬರ್ತಾವ, ಅದೂ ಒಂದ ಅಬ್‌ಸ್ಟ್ರಾಕ್ಟ್ ಬುದ್ಧಿನ. ಮಾಡಿದ ಹೆಣ್ಮಕ್ಕಳ ಹೆಸರು ಯಾವ ಸೀರಿ ಸೆರಗಿನ ಮ್ಯಾಲೂ ಇಲ್ಲ. ಒಂದ ಕಡೆ ಗಂಟಿಲ್ಲದ ಕೆಲಸ, ಒಂದ ಕಡೆ ಗಂಟ ಎಲ್ಲಾ. ನಿಮ್ಮ ಮಗಳಿಗೆ ಕಸೂತಿ ಬರತಿದ್ರ ಅದನ್ನೂ ಕೈ ಬಿಡಬ್ಯಾಡ ಅನ್ರಿ, ಎಳಿ ಎಣಿಸೋ ಅಭ್ಯಾಸ ದೊಡ್ಡದು. ಮತ್ತ ನಿಮ್ಮನಿಯವ್ರಿಗೆ ನುಲಿಯ ಚಂದಯ್ಯನ ಕತಿ ನೆನಪ ಮಾಡ್ರಿ. ಹುಲ್ಲು ಕೊಯ್ದು ಹಗ್ಗ ಹೊಸದು ಮಾರಿ ದಾಸೋಹ ಮಾಡಿದ ಶರಣ, ಹುಲ್ಲು ಕೊಯ್ಯುವಾಗ ಕೊರಳಾಗಿನ ಲಿಂಗ ನೀರಿಗೆ ಬಿದ್ರೂ ಕಾಯಕ ಬಿಡಲಿಲ್ಲ, ಲಿಂಗನ ಬೆನ್ನ ಹತ್ತಿ ಬಂತು ಅಂತ ಹೇಳತಾರಲ್ಲ. ಹಗ್ಗ ಹೊಸಿಯೋದು ಸಣ್ಣ ಕೆಲಸ ಅಂತ ಅವ್ರ ಮುಂದ ಅನ್ನಾಕ ಆಗತಿತ್ತೇನು?

ಹಗ್ಗದ ಮ್ಯಾಲೆನ ನಿಲ್ಲಲಿಲ್ಲ ಅವ್ರು. 1996ರಾಗ ನೆದರ್ಲ್ಯಾಂಡ್ಸ್‌ನಾಗ ಒಂದು ಸೆರಾಮಿಕ್ ಕೇಂದ್ರಕ್ಕ ಹೋಗಿ ಮಣ್ಣಿನ ಕೆಲಸ ಶುರು ಮಾಡಿದ್ರು, ಮಣ್ಣನ್ನೂ ಹಗ್ಗದಂಗನ ಮಡಚಿದ್ರು, ಎಸಳು ಎಸಳಾಗಿ. 2000 ದಾಟಿದ ಮ್ಯಾಲೆ ಕಂಚು. ಮೇಣದಾಗ ಆಕಾರ ಮಾಡಿ ಮಣ್ಣು ಮೆತ್ತಿ ಸುಟ್ಟು, ಮೇಣ ಕರಗಿ ಹೋದ ಜಾಗಕ್ಕ ಕಾದ ಕಂಚು ಹೊಯ್ಯೋ ಹಳೇ ಪದ್ಧತಿ. ತಾಳೆ ಗರಿ ಬುಡ, ಒಣಗಿದ ತೊಟ್ಟು, ಒಡದ ಮೊಗ್ಗು ಇಂಥಾವನ್ನ ನೆನಪಿಸೋ ಕಂಚಿನ ಕೆಲಸ ಸಾಯೂತನಾ ಮಾಡಿದ್ರು. ನನಗ ಕಂಚಿನವು ಅಷ್ಟ ಹಿಡಸಲಿಲ್ಲ ಅಂತ ಹೇಳಿಬಿಡತೀನಿ, ಹಗ್ಗದಾಗ ಇದ್ದ ಭಾರ ಕಂಚಿನಾಗ ಇಲ್ಲ ಅನಿಸ್ತು, ತೂಕ ಹೆಚ್ಚಿದ್ರೂ. ಇನ್ನೊಬ್ಬರಿಗೆ ಬ್ಯಾರೆ ಅನಿಸಬಹುದು.

ಹೊಟ್ಟಿ ಪ್ರಶ್ನೆ. ಬರೇ ಇದರಿಂದ, ಲಗೂನ, ತುಂಬಂಗಿಲ್ಲ ಅಕ್ಕಾರ. ಸುಳ್ಳು ಹೇಳಿ ನಿಮ್ಮನ್ನ ಸಮಾಧಾನ ಮಾಡಾಕ ನನಗ ಇಷ್ಟ ಇಲ್ಲ. ಮೃಣಾಲಿನಿ ಅವರ ಮನ್ಯಾಗ ಅಪ್ಪ ಅವ್ವ ಇಬ್ರೂ ಕಲಾವಿದರು, ಮಗಳು ಏನ ಮಾಡಾಕತ್ತಾಳ ಅಂತ ತಿಳಿಸಿ ಹೇಳೋ ತ್ರಾಸ ಅವರಿಗಿರಲಿಲ್ಲ. ನಿಮ್ಮ ಮಗಳಿಗೆ ಆ ಅನುಕೂಲ ಇಲ್ಲ. ಆಕಿ ಬಿವಿಎ ಮುಗಿಸಿ ಎಂವಿಎ ಮಾಡ್ಲಿ, ಸಾಧ್ಯ ಆದ್ರ ಬರೋಡಾ ಇಲ್ಲಾ ಶಾಂತಿನಿಕೇತನಕ್ಕ ಅರ್ಜಿ ಹಾಕ್ಲಿ, ಸಾಲ್ಯಾಗ ಮಾಸ್ತರಕಿ, ಸಿನಿಮಾ ನಾಟಕದ ಸೆಟ್ ಕೆಲಸ, ಇಂಥಾವು ಕೈಯಾಗಿರಲಿ. ಅಕಾಡೆಮಿಗಳು ಶಿಬಿರ, ವಿದ್ಯಾರ್ಥಿವೇತನ ಕರೀತಿರತಾವ, ಕೊಚ್ಚಿ ಬಿನಾಲೆ ಜೊತಿಗೆ ವಿದ್ಯಾರ್ಥಿಗಳದ್ದ ಬ್ಯಾರೆ ಬಿನಾಲೆ ನಡೀತೈತಿ, ಅವಕ್ಕೆಲ್ಲಾ ಹಾಕ್ಕೋತ ಇರಬೇಕು. ಹತ್ತು ಹಾಕಿದ್ರ ಒಂದ ಬರ್ತೈತಿ. ಮಾರ್ಕೆಟ್ ನೋಡಿ ಹಗ್ಗ ಹಿಡದಿದ್ರ ಈಗ ಬಿಡ್ಲಿ, ಗಂಟು ಹಾಕೂವಾಗ ಊಟದ ನೆನಪ ಹೋಗತಿದ್ರ ಬಿಡಸಾಕ ನಿಮ್ಮ ಕೈಲೆ ಆಗಂಗೂ ಇಲ್ಲ.

ಈಗ ಪಡಸಾಲಿ ತೊಲಿ ಮಾತು, ಇದು ಎಲ್ಲಾಕ್ಕಿಂತ ಅರ್ಜೆಂಟ್. ಹದಿನೈದು ಕೆಜಿ ಹಗ್ಗ ಒಂದ ಮೊಳಿಗೆ ಕಟ್ಟಿದ್ರ ಮೊಳಿ ಕಿತ್ತು ಬರತೈತಿ, ತೊಲಿ ಸುತ್ತಿ ಕಬ್ಬಿಣದ ಪಟ್ಟಿ ಹಾಕಿ ಅದಕ್ಕ ಕೊಂಡಿ ಹಾಕಸ್ರಿ, ತೊಲಿ ಹಳೇದಿದ್ರ ಹುಳ ತಿಂದೈತೇನು ಅಂತ ಬಡದು ನೋಡ್ರಿ. ಮಳಿಗಾಲ ಬಂದ್ರ ನಾರಿನ ಹಗ್ಗ ತಂಪು ಕುಡದು ಉಬ್ಬಿ ಗಿಡ್ಡ ಆಗತೈತಿ, ಹೊರಸಿನ ಹಗ್ಗ ಮಳ್ಯಾಗ ಬಿಗಿಯೋದು ನೋಡೀರಲ್ಲ, ಆಕಿ ಬ್ಯಾಸಗ್ಯಾಗ ಹಾಕಿದ ಅಳತಿ ಶ್ರಾವಣದಾಗ ಬ್ಯಾರೆನ ಆಗಿರತೈತಿ, ಇದನ್ನ ಮೊದಲ ಹೇಳ್ರಿ, ಇಲ್ಲಂದ್ರ ಅಳಕೋತ ಕುಂದರತಾಳ. ಬೂಸು ಹಿಡಿಯಂಗ ಮುಚ್ಚಿ ಇಡಬ್ಯಾಡ್ರಿ, ಗಾಳಿ ಆಡಬೇಕು. ದೇವರ ಮುಂದಿನ ದೀಪ ದೂರ ಇರ್ಲಿ, ಒಣ ನಾರಿಗೆ ಕಿಡಿ ಸಾಕು. ನೈಲಾನ್ ಹಗ್ಗ ಕಡಿಮಿ ರೊಕ್ಕಕ್ಕ ಸಿಗತೈತಿ ಅಂತ ತರಬ್ಯಾಡ ಅನ್ರಿ, ಗಂಟು ಜಾರತೈತಿ. ಬಣ್ಣ ಹಾಕೋದಿದ್ರ ಹತ್ತಿ ಅರಿಬಿಗೆ ಹಾಕೋ ಬಣ್ಣ ತರ್ಲಿ, ರೇಷ್ಮಿ ಉಣ್ಣಿ ಬಣ್ಣ ನಾರಿನಾಗ ಗಟ್ಟಿ ನಿಲ್ಲಂಗಿಲ್ಲ. ಬಾಯಿಗೆ ಮೂಗಿಗೆ ಅರಿಬಿ ಕಟ್ಟಿಕೊಳ್ಳಿ, ನಾರಿನ ಧೂಳು ಎದಿಗೆ ಇಳದು ಕೆಮ್ಮು ಹಚ್ಚತೈತಿ, ನೀವಂತೂ ಬ್ಯಾಡಗಿಯವ್ರು, ಮೆಣಸಿನಕಾಯಿ ಘಾಟಿನ ಸೀಸನ್‌ದಾಗ ಈ ಧೂಳೂ ಕೂಡಿದ್ರ ಮನಿಮಂದಿ ಎಲ್ಲಾ ಕೆಮ್ಮತೀರಿ. ಕೈ ಬೆರಳು ಸೀಳತಾವ, ರಾತ್ರಿ ಕೊಬ್ಬರಿ ಎಣ್ಣಿ ಹಚ್ಚಿಕೊಂಡು ಮಲಗಲಿ, ತೋರಬೆರಳಿಗೆ ಟೇಪ್ ಸುತ್ತಿಕೊಂಡ್ರ ಇನ್ನೂ ಚಲೋ.

ರಜಾ ಮುಗದ ಮ್ಯಾಲೆ ಆಕಿ ಧಾರವಾಡಕ್ಕ ಬಂದಾಗ ಮಾಡಿದ್ದನ್ನ ಬಿಚ್ಚದ ಹಂಗ ಟೆಂಪೋದಾಗ ಹಾಕ್ಕೊಂಡ ಬರಾಕ ಹೇಳ್ರಿ. ರೋಣದ ಹುಡುಗನ್ನೂ ಕರೀತೀನಿ, ಬರ್ತಾನ ಅನಸತೈತಿ.